ನಾಲ್ಕು ದಿನ ಇಸ್ತ್ರಿ ಇಲ್ಲ

ಏಪ್ರಿಲ್ ಬಂತೆಂದರೆ ಮೊದಲು ನನಗೇ ಗೊತ್ತಾಗುತ್ತದೆ
ಈ ಕ್ರಾಸಿನಲ್ಲಿ ಯಾರು ಎಲ್ಲಿಗೆ ಹೊರಟರೆಂದು.
ಹೂವಿನ ಅಂಗಿ, ಮೊಣಕಾಲುದ್ದದ ಚಡ್ಡಿ ಬಂದರೆ ಗೋವಾ.
ರೇಷ್ಮೆಯ ಗಂಟು ಬಂದರೆ ಮದುವೆ, ಅದು ರಜೆಯ ಲೆಕ್ಕವಲ್ಲ.
ಪ್ಯಾಂಟು ಬಂದು ಅಂಗಿ ಬರದಿದ್ದರೆ
ಮೇಲೆ ಸ್ವೆಟರು; ಊಟಿಯೋ ಕೊಡೈಕೆನಾಲೋ.
"ಅಕ್ಕಾ ಅರ್ಜೆಂಟು, ರಾತ್ರಿ ಬಸ್ಸು" ಅನ್ನುತ್ತಾರೆ.
ಬೆಳಿಗ್ಗೆಯೇ ಕೊಡೋಕೆ ಏನಾಗಿತ್ತು ಇವರಿಗೆ?

ಹದಿನೇಳು ಬೇಸಿಗೆ, ವೈಯಾಲಿಕಾವಲಿನ ಈ ಹೊಂಗೆಯ ಕೆಳಗೆ
ಬೀದಿಯವರ ರಜೆಯನ್ನೆಲ್ಲ ನಾನೇ ಮಡಿಸಿ ಕಳಿಸಿದ್ದೇನೆ,
ಮೂಲೆಗೆ ಮೂಲೆ ಕೂಡಿಸಿ, ಕಾಲರಿಗೆ ಬೆರಳೊತ್ತಿ.
ತಿರುಗಿ ಬಂದ ಬಟ್ಟೆ, ಒಗೆದ ಮೇಲೂ,
ಜೇಬು ಮಗುಚಿದರೆ ಮರಳು ಉದುರಿಸುತ್ತದೆ.
ಒಮ್ಮೆ ಒಂದು ಚಿಪ್ಪು ಸಿಕ್ಕಿತ್ತು, ಉಗುರಿನಷ್ಟು.
ಹಿಂದಿರುಗಿಸಲಿಲ್ಲ.
ದುಡ್ಡಾಗಿದ್ದರೆ ಕೊಟ್ಟುಬಿಡುತ್ತಿದ್ದೆ.

ಈ ವರ್ಷ ಚೀಟಿ ನನ್ನ ಹೆಸರಿಗೆ ಬಂತು.
ಫ್ರಿಜ್ಜು, ಅಂದರು ಇವರು.
ಕಾರವಾರ, ಅಂದೆ ನಾನು.
ಎರಡು ದಿನ ಮನೆಯಲ್ಲಿ ಮಾತಿಲ್ಲ.
ಮೂರನೆಯ ದಿನ ಸಂಜೆ, ಮುಖ ಕೊಡದೆ, ಇವರು ಕೇಳಿದರು:
ಅಲ್ಲಿ ಅನ್ನ ಸಿಗುತ್ತಾ?

ಇವತ್ತು ರಾತ್ರಿ ಯಶವಂತಪುರದಲ್ಲಿ ರೈಲು.
ಬೆಳಿಗ್ಗೆಯಿಂದ ಮನೆಮನೆಗೆ ಗಂಟು ತಲುಪಿಸುತ್ತಿದ್ದೇನೆ.
ಇನ್ನೂರ ಹದಿನಾಲ್ಕರ ಮೇಡಮ್ಮು ಬಾಗಿಲಲ್ಲಿ ನಿಂತು
"ನಾಲ್ಕು ದಿನವಾ!" ಅಂದರು, ಹಾಲೇ ನಿಂತುಹೋದ ಹಾಗೆ.
"ಎಲ್ಲಿಗೆ?"
ಸಮುದ್ರ ನೋಡೋಕೆ.
"ಏನಾದರೂ ಹರಕೆಯಾ?"
ಇಲ್ಲ ಮೇಡಮ್ಮು, ಸುಮ್ಮನೆ.
ಸುಮ್ಮನೆ ಅಂದಾಗ ನಾಲಿಗೆಯ ಮೇಲೆ
ಯಾರದೋ ಮನೆಯ ಅಡುಗೆಯ ರುಚಿ.

ಮಧ್ಯಾಹ್ನ, ಎಲ್ಲರದೂ ಮುಗಿದ ಮೇಲೆ, ನನ್ನ ಸೀರೆ.
ನೀಲಿ, ಸಣ್ಣ ಅಂಚಿನದು. ಜೊತೆಗೆ ಇವರ ಎರಡು ಪಂಚೆ.
ಕೆಂಡ ಇನ್ನೊಂದು ಸಲ ಊದಿದೆ.
ಮಡಿಸುವಾಗ ಕೈ ತಾನಾಗಿ ಸೆರಗಿನ ತುದಿಯಲ್ಲಿ ಗುರುತು ಹುಡುಕಿತು,
ಯಾವ ಮನೆ, ಯಾವ ಮಹಡಿ ಅಂತ.
ಏನೂ ಇರಲಿಲ್ಲ.
ಬೇಕಿರಲಿಲ್ಲ, ಆದರೂ ಪುಸ್ತಕದಲ್ಲಿ ಬರೆದೆ:
ಸೀರೆ ಒಂದು, ಪಂಚೆ ಎರಡು, ದುಡ್ಡು ಬಾಕಿ.

ಕೆಂಡಕ್ಕೆ ನೀರು ಚಿಮುಕಿಸಿದರೆ
ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಬುಸ್ಸೆಂದು ಸುಮ್ಮನಾಯಿತು.
ಗಾಡಿಗೆ ಟಾರ್ಪಾಲು, ಟಾರ್ಪಾಲಿಗೆ ಹಗ್ಗ.
ಹೊಂಗೆಗೆ ರಟ್ಟಿನ ಬೋರ್ಡು: ನಾಲ್ಕು ದಿನ ಇಸ್ತ್ರಿ ಇಲ್ಲ.
ಕಾರಣ ಬರೆಯಲು ಜಾಗವಿತ್ತು. ಬರೆಯಲಿಲ್ಲ.

ಗುಟ್ಟಹಳ್ಳಿಯ ಮನೆ ಮಾತ್ರ ಬಿಡುತ್ತಿಲ್ಲ.
ನಾಳೆ ಕಾವೇರಿ ನೀರು ಬರುವ ದಿನ, ನಾವಿರುವುದಿಲ್ಲ.
ಡ್ರಮ್ಮಿಗೆ ಪೈಪು ಹಾಕಲು ಫಿಲೋಮಿನಾಗೆ ಹೇಳಿದ್ದಾಯಿತು.
ಅವಳ ಕೈಗೇ ಹೆಪ್ಪಿನ ಬಟ್ಟಲು,
ಅತ್ತೆಯ ಕಾಲದಿಂದ ಸಾಯದೆ ಬಂದ ಮೊಸರು, ಒಂದು ಚಮಚ.
ದಿನಾ ಹಾಲು ತೋರಿಸೇ, ಇಲ್ಲದಿದ್ದರೆ
ಹುಳಿಯಾಗಿ ನನ್ನ ಮೇಲೆ ಜಗಳಕ್ಕೆ ಬರುತ್ತೆ.
ಸಿಲಿಂಡರಿನ ಕಿವಿ ನಾನು ತಿರುವಿದೆ. ಇವರು ಮತ್ತೆ ತಿರುವಿದರು.
ಚಪಾತಿ ಎಣಿಸಿದರು, ಹದಿನಾರು. ಮತ್ತೆ ಎಣಿಸಿದರು, ಹದಿನೈದು.
ನನ್ನ ಬಾಯಿ ನೋಡಿದರು.
ಚಟ್ನಿಪುಡಿಯ ಡಬ್ಬಿಗೆ ಎರಡು ರಬ್ಬರ್ ಬ್ಯಾಂಡು.
ಚಿಪ್ಪನ್ನು ಎತ್ತಿ ಪರ್ಸಿನೊಳಗಿಟ್ಟೆ,
ಅದಕ್ಕೂ ತನ್ನ ಊರು ನೋಡುವ ಆಸೆ ಇರಬಹುದು.

ಬೀಗ ಜಗ್ಗಿದ್ದು ಮೂರು ಸಲ. ಆಟೋದವನು ಹಾರ್ನ್ ಹೊಡೆದದ್ದು ನಾಲ್ಕು.

ಸೀರೆಯ ನೆರಿಗೆಯನ್ನು ಅಂಗೈಯಿಂದ ಒತ್ತುತ್ತ ಕೂತಿದ್ದೇನೆ.
ರೈಲಿನಲ್ಲಿ ಬೆಳಗಾಗುವಷ್ಟರಲ್ಲಿ ಪೂರಾ ಮುದುರಿರುತ್ತದೆ.
ಮುದುರಲಿ.
ಹದಿನೆಂಟನೇ ಕ್ರಾಸ್ ದಾಟುವಾಗ ಇವರಿಗೆ ನೆನಪಾಯಿತು:
"ಪೆಟ್ಟಿಗೆ ಆರಿತ್ತಾ?"
ಹೂಂ, ಕೈಯಿಟ್ಟು ನೋಡಿಯೇ ಬಂದೆ.
ಹಗಲು ಹೊತ್ತಿನಲ್ಲಿ ತಣ್ಣಗಿದ್ದದ್ದನ್ನು
ನಾನೆಂದೂ ಮುಟ್ಟಿರಲಿಲ್ಲ.