ಹೊಟ್ಟೆಯಡಿಯ ಬರಹ

ಚುನಾವಣೆ ಮುಗಿದು ಮೂರನೆಯ ವಾರ
ಲಷ್ಕರ್ ಠಾಣೆಯಿಂದ ಕೋವಿ ಬಿಡಿಸಿಕೊಂಡು
ನೇರ ನಮ್ಮಂಗಡಿಗೆ ಬಂದರು ಖೋರ್ಶೆದ್‌ಬಾಯಿ,
ರಿಕ್ಷಾದಲ್ಲಿ, ತೊಡೆಯ ಮೇಲೆ ಅಡ್ಡ ಮಲಗಿಸಿ,
ಜ್ವರ ಬಂದ ಮೊಮ್ಮಗುವನ್ನು ತಂದ ಹಾಗೆ.

"ಜರ್ಮನಿಯದು. ಎ ಒನ್ ಮಾಲು.
ಮಾವನವರು ಮುಂಬಯಿಯಲ್ಲಿ ಕೊಂಡದ್ದು.
ಎಷ್ಟು ಬಂದೀತು, ನೋಡಿ ಹೇಳು ರಾಚಪ್ಪ."

ಹುಸೇನಿ ಸೇಠರಿಗೆ ಈಗ ಕಣ್ಣಿಲ್ಲ.
ಗಲ್ಲೆಯಲ್ಲಿ ಕೂತು ಕಿವಿಯಿಂದಲೇ ನೋಡುತ್ತಾರೆ.
ಕೋವಿ ಮುಚ್ಚಿದ ಸದ್ದಿಗೆ ತಲೆ ಓರೆ ಮಾಡಿ
"ಹೂಬಳ್ಳಿ ನೋಡಬೇಡ, ತಿರುಗಿಸು" ಅಂದರು.

ಹೂಬಳ್ಳಿ ಇತ್ತು. ಅದರೊಳಗೊಂದು ಕೌಜುಗ,
ಕೆತ್ತಿದವನು ಕೌಜುಗ ಕಂಡವನಲ್ಲ,
ಮೊಟ್ಟೆಗೆ ಕೂತ ಊರಕೋಳಿಯಂತಿತ್ತು.

ಮುಂಗೈ ಮರ ಕಳಚಿ, ನಳಿಗೆ ಇಳಿಸಿ,
ಬೋರಲು ಹಾಕಿ ಸೀಮೆಎಣ್ಣೆ ಚಿಂದಿಯಲ್ಲಿ ಉಜ್ಜಿದೆ.
ನಮಗಾದರೆ ಹಣೆಯಲ್ಲಿ ಬರೆದಿರುತ್ತಾನಂತೆ,
ಇವಕ್ಕೆ ಬರೆಯುವುದು ಹೊಟ್ಟೆಯಡಿ.

ಕಿರೀಟ, ಕೆಳಗೆ ಯು: ಒಬ್ಬ ಕಣ್ಣಿಟ್ಟು ನೋಡಿದ್ದಾನೆ.
ಕಿರೀಟ, ಕೆಳಗೆ ಎಸ್: ಚರೆಯ ನಳಿಗೆ.
ಎಡದ್ದಕ್ಕೆ ಮಾತ್ರ ಡಬ್ಲ್ಯೂ: ಬಾಯಿ ಬಿಗಿದದ್ದು,
ದೂರದ ಹಕ್ಕಿಗೆ.
ಸುತ್ತಿನೊಳಗೆ ಹದಿನಾರು. ಒಂದರೊಳಗೊಂದು ತೂರಿದ
ಮೂರು ಬಳೆ, ಉಕ್ಕು ಎರೆದವರ ಗುರುತು.
ಮೂರು, ಇಪ್ಪತ್ತೊಂಬತ್ತು.
ಆ ಮಾರ್ಚಿಯಲ್ಲಿ ನನ್ನಜ್ಜ
ಇಂಡಿಯ ಹತ್ತಿರ ಕುಲುಮೆ ಊದುತ್ತಿದ್ದ;
ಅವನು ಬಡಿದ ಕುಳಕ್ಕೂ ಗುರುತಿತ್ತು, ಉಳಿಯ ಒಂದೇ ಏಟು,
ಅದು ದರ್ಜೆಗಲ್ಲ, ಉದ್ರಿಯ ಲೆಕ್ಕಕ್ಕೆ.

ಹದಿನೇಳಕ್ಕೆ ಈ ಮೇಜಿಗೆ ಬಂದವನು
ಮೊದಲ ಸಲ ಕಿರೀಟ ಕಂಡು
"ಸೇಠ್, ರಾಜರ ಕೋವಿ!" ಅಂತ ಕೂಗಿದ್ದೆ.
ಸೇಠರು ಅರದ ಪುಡಿ ಊದಿ ಹೇಳಿದ್ದರು:
"ಬೇಟಾ, ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ
ಒಂದು ಸಲ ಸುಟ್ಟು ನೋಡ್ತಾರೆ.
ಸಿಡಿಯದಿದ್ದರೆ ಕಿರೀಟ.
ಚೆನ್ನಾಗಿದೆ ಅಂತಲ್ಲ ಅದು. ಸತ್ತಿಲ್ಲ ಅಂತ."

ದರ್ಜೆ ಬೇರೆ. ಅದು ಸರಕಾರದ್ದಲ್ಲ,
ಮಾಡಿದ ಮನೆಯ ಒಳಮಾತು.
ಒಬ್ಬರು ನಕ್ಷತ್ರ ಒತ್ತಿದರೆ ಇನ್ನೊಬ್ಬರು ಅಂಕಿ,
ಒಬ್ಬರಲ್ಲಿ ಒಂದು ಅಂದರೆ ಮೇಲು,
ಪಕ್ಕದ ಬೀದಿಯವರಲ್ಲಿ ಒಂದು ಅಂದರೆ ಕೀಳು.
ಇದರಲ್ಲಿ, ಕೊಕ್ಕೆಯ ಮಗ್ಗುಲಲ್ಲಿ, ಎರಡು ಚುಕ್ಕೆ,
ಮೊಳೆಯ ತುದಿಯಿಂದ ಇಟ್ಟಷ್ಟು ಸಣ್ಣವು.
ಆ ಮಾತು ಆಡುವವರು ಯಾರೂ ಉಳಿದಿಲ್ಲ.

ಮಿಕ್ಕದ್ದನ್ನು ಬೆರಳೇ ಓದಬೇಕು.
ತಿರುಪುಗಳ ಸೀಳು ಒಂದೊಂದು ಒಂದೊಂದು ದಿಕ್ಕಿಗೆ,
ದೊಡ್ಡ ಕೋವಿಗಳಲ್ಲಿ ಎಲ್ಲವೂ ಒಂದೇ ಕಡೆ ಮಲಗಿರುತ್ತವೆ.
ಒಳಗೆ ಅರದ ಗೀರು ಹಾಗೇ ಬಿಟ್ಟಿದೆ.
ಅಂಗಡಿಯವನಿಗೋ ಇಂಜಿನಿಯರನಿಗೋ
ಕಂತಿನಲ್ಲಿ ಕೊಳ್ಳುವವನಿಗೋ ಮಾಡಿದ ಮಾಲು.

ಆದರೆ ಮುಂಗೈ ಮರದ ಕಬ್ಬಿಣದಲ್ಲಿ,
ಕಳಚದೆ ಯಾರಿಗೂ ಕಾಣದ ಕಡೆ,
ಒಂದು ಅಂಚನ್ನು ಯಾವನೋ ತಿದ್ದಿದ್ದಾನೆ,
ಕೂಲಿ ಮೀರಿ, ಹೊತ್ತು ಮೀರಿ,
ಉಗುರು ಜಾರಿದರೂ ತಡೆಯದ ಹಾಗೆ.
ಎರಡು ಸಲ ಸವರಿದೆ.
ಸೇಠರಿಗೆ ಕೊಟ್ಟೆ. ಅವರೂ ಸವರಿ
ಬಹಳ ಹೊತ್ತು ಹಿಂದೆ ಕೊಡಲಿಲ್ಲ.

"ಎ ಒನ್ ಹೌದಲ್ಲ?" ಅಂದರು ಖೋರ್ಶೆದ್‌ಬಾಯಿ.
"ಮಾವ ಊಟದ ಮೇಜಿನಲ್ಲಿ ದಿನಾ ಹೇಳೋರು.
ಅವರ ಬಾಯಿಗೆ ಹೆದರಿ ನಾವೂ ಅಂದೆವು.
ಹೊಡೆದದ್ದು ಒಟ್ಟು ನಾಲ್ಕು ಹಕ್ಕಿ,
ಒಂದು ನೆರೆಮನೆಯವರ ಪಾರಿವಾಳ."

ಸೇಠರು ನಕ್ಕರು. ನಾನು ರಿಜಿಸ್ಟರು ತೆಗೆದು
ಹೆಸರು, ಲೈಸೆನ್ಸು, ಕೋವಿಯ ನಂಬರು ಬರೆದು
ದರ್ಜೆಯ ಕಾಲಮ್ಮಿಗೆ ಬಂದು ನಿಂತೆ.
ಹೊರಗೆ ಬಿಸ್ಕತ್ತಿನ ಭಟ್ಟಿಯ ಬೆಣ್ಣೆ ವಾಸನೆ.
ಓದಲಾರದ್ದನ್ನು ಇದ್ದ ಹಾಗೇ ಇಳಿಸಿದೆ:
ಎರಡು ಚುಕ್ಕೆ.

ಕನ್ನಡಕ ಏರಿಸಿ ಬಗ್ಗಿ ನೋಡಿದರು ಬಾಯಿ.
"ಅಲ್ಲಿ ಇನ್ನೂ ಏನೋ ಬರೆಯೋದಿದೆಯಲ್ಲ,
ಪೆನ್ನು ನಿಂತಿತಾ?"