ಐದನೇ ಫೀಡರಿನ ಕೆಳಗೆ

ಗ್ಲೌಸು ಇತ್ತು ಸ್ವಾಮಿ, ಇರಲಿಲ್ಲ ಅನ್ನಲಾರೆ.
ಕಿಕ್ಕೇರಿ ಸೆಕ್ಷನ್ ಆಫೀಸಿನ ಮೊಳೆಗೆ ಏಳು ವರ್ಷ
ಒಳಗಿನ ಪೌಡರೂ ಉದುರದೆ ನೇತಾಡುತ್ತಿತ್ತು.
ಮಂಡ್ಯದಿಂದ ಜೀಪು ಬಂದ ದಿನ ಮಾತ್ರ ಕೆಳಗಿಳಿಯುತ್ತಿತ್ತು,
ಮದುವೆಗೆಂದು ತೆಗೆದ ಜರಿಪಂಚೆಯ ಹಾಗೆ.
'ಸುರಕ್ಷತೆಯೇ ಮೊದಲು' ಅಂತ ಗೋಡೆಗೆ ಬರೆಸಿದ್ದರು.
ನನ್ನ ಸೈಕಲ್ಲು ಒರಗಿ ಒರಗಿ
'ಮೊದಲು' ಅಳಿಸಿಹೋಗಿತ್ತು.

ಅರ್ತಿಂಗ್ ಕಡ್ಡಿಯ ಮೇಲೆ ವಾಚ್‌ಮನ್ನಿನ ಹೆಂಡತಿ
ಕೂಸಿನ ಲಂಗೋಟಿ ಒಣಗಿಸುತ್ತಿದ್ದಳು.

ನಾವೂ ಕಮ್ಮಿಯೇನಲ್ಲ.
ಗ್ಲೌಸು ಮುಟ್ಟಿದವನಿಗೆ 'ಏನ್ಲಾ, ಬಳೆನೂ ತೊಟ್ಕೊತೀಯಾ?'
ಈ ಎಡಗೈಯ ಎರಡು ಬೆರಳು ಹೋದ ಕತೆಯನ್ನು
ಬೀಡಿ ಹಚ್ಚಿಕೊಂಡು, ನಗಿಸುತ್ತಾ ಹೇಳುತ್ತಿದ್ದೆ.
ಹಳೆಯ ಸಾಹೇಬರದು ಎಲ್ಲ ಫೋನಿನಲ್ಲೇ:
'ಹತ್ತಯ್ಯಾ, ಲೈನ್ ಕ್ಲಿಯರ್ ಆಮೇಲೆ ಬರ್ಕೊಳ್ಳೋಣ,
ಪಂಪ್‌ಸೆಟ್ಟಿನೋರು ಜೀವ ತಿಂತಾವ್ರೆ.'
ಜೀವ ತಿಂದವರು ಯಾರು ಅಂತ
ಕರಿಗೌಡನ ಹೆಂಡತಿಯನ್ನು ಕೇಳಬೇಕು.

ಕಬ್ಬಿನ ಗದ್ದೆಯ ಬದುವಿನ ಮೇಲೆ ಬಿದ್ದಿದ್ದ.
ಕಟಿಂಗ್ ಪ್ಲೇಯರು ಮೇಲೆ ತಂತಿಗೇ ಕಚ್ಚಿಕೊಂಡಿತ್ತು.
ವಿಚಾರಣೆ ಮೂರು ದಿನ. ಕಡೆಗೆ ಎರಡೇ ಮಾತು:
ನೌಕರನ ನಿರ್ಲಕ್ಷ್ಯ.
ಕೆಳಗೆ, ಸಾಕ್ಷಿ: ಜವರಯ್ಯ.
ನನ್ನದೇ ಸಹಿ. ಬಾಲ ಎಳೆದು ಚೆನ್ನಾಗಿಯೇ ಹಾಕಿದ್ದೆ.

ಆಮೇಲೆ ನಸೀಮಾ ಮೇಡಂ ಬಂದರು.
ಭಾಷಣ ಇರುತ್ತೆ ಅಂತ ಕುರ್ಚಿ ಜೋಡಿಸಿದ್ದೆವು.
ಅವರು ಸೀದಾ ಹಿತ್ತಿಲಿಗೆ ಹೋಗಿ
ಲಂಗೋಟಿಗಳನ್ನು ಒಂದೊಂದಾಗಿ ಮಡಚಿ ಆ ಹೆಂಗಸಿನ ಕೈಗಿಟ್ಟು
ಒಂದು ಪ್ಲಾಸ್ಟಿಕ್ ಹಗ್ಗ ತರಿಸಿಕೊಟ್ಟು
ಕಡ್ಡಿಯನ್ನು ಜೀಪಿಗೆ ಹಾಕಿಸಿದರು.
ಅಷ್ಟೇ. ಅವರು ಹೋದ ಮೇಲೆ ನಾವು ನಕ್ಕೆವು.

ಒಂದು ರಾತ್ರಿ ಗಾಳಿಗೆ ಜಂಪರ್ ಕಡಿದು ಮೂರು ಊರು ಕತ್ತಲು.
ಕಂಬದ ಸುತ್ತ ಊರವರು, ಬೈಕಿನ ದೀಪಗಳು,
ಯಾರೋ ಲೀಡರಿನ ಹೆಸರು ಹೇಳಿ ಗದರುವವನು.
ಪುಟ್ಟಮಾದ, ಸೇರಿ ಮೂರು ತಿಂಗಳಾಗದ ಹುಡುಗ,
ಕಂಬಕ್ಕಿಟ್ಟ ಕಾಲನ್ನು ಮತ್ತೆ ನೆಲಕ್ಕಿಟ್ಟ.
'ಮೇಡಂ, ಲೈನ್ ಕ್ಲಿಯರ್ ನಂಬರು ಹೇಳ್ಲಿಲ್ಲ ನೀವು.'

ನನಗೆ ಮೈಯೆಲ್ಲ ಉರಿಯಿತು.
'ಹತ್ಲಾ, ಊರೇ ಕತ್ಲಾಗೈತೆ, ತಂತೀಲಿ ಇನ್ನೆಲ್ಲಿ ಕರೆಂಟು' ಅಂದೆ.
ಕರಿಗೌಡನಿಗೂ ಇದೇ ಮಾತು ಹೇಳಿದ್ದೆ.
ವಿಚಾರಣೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ.

ಮೇಡಂ ಟಾರ್ಚು ಹಾಕಿ ಚೀಟಿ ನೋಡಿದರು. ಸ್ಟೇಷನ್ನಿಗೆ ಫೋನು.
'ಮೂರನೇ ಫೀಡರ್ ಆಫ್ ಮಾಡಿದೀನಿ ಮೇಡಂ,
ನೀವು ಹೇಳಿದ್ದು ಮೂರು.'
ನಾವು ನಿಂತಿದ್ದದ್ದು ಐದರ ಕೆಳಗೆ.

ಯಾರದೋ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು.

'ತಪ್ಪು ನಂದು' ಅಂದರು, ಊರವರಿಗೂ ಕೇಳುವಷ್ಟು ಜೋರಾಗಿ.
ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ
ಕುರ್ಚಿಯ ಕಡೆಯಿಂದ ಆ ಎರಡು ಪದ ಕೇಳಿರಲಿಲ್ಲ ನಾನು.
ಮೂವತ್ತೈದು ನಿಮಿಷ ತಡ. ಊರವರು ಬೈದರು,
ಅವರು ನಿಂತು ಬೈಸಿಕೊಂಡರು.
ಬೆಳಿಗ್ಗೆ ರಿಜಿಸ್ಟರಿನಲ್ಲಿ ಅವರದೇ ದುಂಡು ಅಕ್ಷರ:
ನಾನು ತಪ್ಪು ಫೀಡರ್ ಹೇಳಿದೆ. ಪುಟ್ಟಮಾದ ತಡೆದ.

ಈಗ ನಾನೂ ಗ್ಲೌಸು ಹಾಕುತ್ತೇನೆ.
ಎರಡು ಬೆರಳು, ಒಳಗೆ ಯಾರೂ ಇಲ್ಲದೆ, ಸುಮ್ಮನೆ ನಿಂತಿರುತ್ತವೆ.
ಹುಡುಗರು ಆ ಕತೆಗೆ ನಗುವುದನ್ನು ಬಿಟ್ಟಿದ್ದಾರೆ,
ಅಥವಾ ನಾನು ಹೇಳುವುದನ್ನು.

ಕರಿಗೌಡನ ಕಡತ ಎಲ್ಲಿ ಅಂತ ಗುಮಾಸ್ತನನ್ನು ಕೇಳಿದೆ.
'ಮಂಡ್ಯಕ್ಕೋಗಿ ಕಾಲಾಯ್ತು, ಸಿಗಾಕಿಲ್ಲ ಬುಡು' ಅಂದ.
ಸೋಮವಾರಕ್ಕೆ ರಜೆ ಬರೆದುಕೊಟ್ಟಿದ್ದೇನೆ.
ಕಾರಣ ಅನ್ನುವ ಜಾಗದಲ್ಲಿ:
ಹಾಕಿದ ಸಹಿ ವಾಪಸು ತರಲು.