ಸಪ್ಪೆ ಸಮುದ್ರ

ಹಿಚಿನ್ ಊರಿನ ನೀರು ಕುಡಿಯಲು ತಂಪು, ಒಪ್ಪಿದೆ.
ಕುದಿಸಿದರೆ ಮಾತ್ರ ತನ್ನ ಜಾತಕ ಬಿಚ್ಚುತ್ತದೆ:
ಕೆಟಲಿನ ತಳದಲ್ಲಿ ಬಿಳಿ ಹಕ್ಕಳೆ,
ಚಹದ ಮೇಲೆ ಒಡೆದ ಕನ್ನಡಿಯಂಥ ಪೊರೆ.
ಷವರಿನ ನಲವತ್ತು ತೂತುಗಳಲ್ಲಿ
ಹನ್ನೊಂದು ಇನ್ನೂ ಕಣ್ಣು ಬಿಟ್ಟಿವೆ,
ಅದರಲ್ಲೂ ಒಂದು ಮೆಳ್ಳೆಗಣ್ಣು,
ನನ್ನನ್ನು ಬಿಟ್ಟು ಗೋಡೆಗೆ ಸ್ನಾನ ಮಾಡಿಸುತ್ತದೆ.

ನನ್ನ ಬೇಳೆ ಇಲ್ಲಿ ಬೇಯುವುದಿಲ್ಲ.
ಗಾದೆಮಾತಲ್ಲ, ತೊಗರಿಬೇಳೆ.
ಆರು ಸೀಟಿ ಕೂಗಿಸಿದರೂ
ಸಾರಿನ ತಳದಲ್ಲಿ ಕಾಳು ಕಾಳಾಗಿ ಕೂತು
ನನ್ನನ್ನೇ ನೋಡುತ್ತದೆ.

ಉಪ್ಪಿನ ಯಂತ್ರ ಮಾರುವ ಗ್ಯಾರೆತ್ ಬಂದಿದ್ದ,
ಷೂ ಬಿಚ್ಚಿಟ್ಟು ಒಳಬಂದ ಸಜ್ಜನ.
ಸೀಸೆಯಲ್ಲಿ ನಮ್ಮ ನೀರು, ಮೂರು ಹನಿ ಸೋಪು, ಕುಲುಕಿದ:
ಒಡೆದ ಹಾಲು.
ಇನ್ನೊಂದರಲ್ಲಿ ಅವನ ನೀರು:
ಉಕ್ಕಿದ ಹಾಲು.
"ತಿಂಗಳಿಗೊಂದು ಮೂಟೆ ಉಪ್ಪು ಸುರಿದರೆ ಮುಗೀತು ಮೇಡಂ."

ಉಪ್ಪು ಎಂದದ್ದೇ ತಡ
ಸೋಫಾದ ಮೂಲೆಯಲ್ಲಿ ಚನ್ನವೀರ ತಲೆಯೆತ್ತಿದ.
ಮಾರ್ಚಿನಿಂದ ಈ ಮನೆಯಲ್ಲಿ ಆ ಪದಕ್ಕೆ ಸೂತಕ.
ಸ್ಟೀವನೇಜಿನ ಆಸ್ಪತ್ರೆಯಲ್ಲಿ
ಹುಡುಗಿಯಂಥ ಡಾಕ್ಟರು ಪರದೆ ತಿರುಗಿಸಿ ತೋರಿಸಿದ್ದಳು,
ಎದೆಯ ನಾಳದಲ್ಲಿ ಬೆಳ್ಳಗೆ ಚುಕ್ಕೆ ಚುಕ್ಕೆ.
"ನಮ್ಮ ಕೆಟಲಿನ ಹಾಗೆ?" ಎಂದಿದ್ದ ಇವನು.
"ಹೆಚ್ಚುಕಡಿಮೆ" ಎಂದು ಅವಳು ನಕ್ಕಳು.
ನಾವು ನಗಲಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ.
ನೀರೇ ಉಪ್ಪು ತಿಂದು ಬಂದರೆ?

"ಕುಡಿಯಲು ಬೇರೆ ನಲ್ಲಿ ಹಾಕೋಣ" ಎಂದ ಗ್ಯಾರೆತ್.
ಒಂದೇ ಸಿಂಕಿಗೆ ಎರಡು ನಲ್ಲಿ,
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ.
ಬೇಡಪ್ಪಾ ಎಂದೆ.
ಅವನು ನಿಧಾನವಾಗಿ ಷೂ ಕಟ್ಟಿಕೊಂಡ.

ಅಂದಿನಿಂದ ಈ ಮನೆಯಲ್ಲಿ ಹುಳಿಯ ಆಡಳಿತ.
ಭಾನುವಾರ ಕೆಟಲಿಗೆ ನಿಂಬೆಹುಳಿಯ ಪುಡಿ,
ಚುಂಯ್ ಎಂದು ಸುಣ್ಣ ಸೋಲುವ ಸದ್ದು.
ನಲ್ಲಿಯ ಕೊರಳಿಗೆ ನೆನೆಸಿದ ಹುಣಸೆ
ಚನ್ನವೀರನ ಒಂಟಿ ಕಾಲುಚೀಲದಲ್ಲಿ.
ಬೇಳೆಗೆ ಕುದಿಸಿ, ಆರಿಸಿ, ಬಸಿದ ತಿಳಿ.
ಕೊಳವೆಗೆ ಅಯಸ್ಕಾಂತ ಸುತ್ತಿದ್ದೂ ಆಯಿತು, ಹದಿನೆಂಟು ಪೌಂಡು;
ಅದಕ್ಕೀಗ ಫ್ರಿಜ್ಜಿನ ಮೇಲೆ
ಗ್ಯಾಸಿನ ಬಿಲ್ಲು ಹಿಡಿಯುವ ಕೆಲಸ.

ಪಕ್ಕದ ಮನೆಯ ಡೋರೀನ್ ಪೆಟಿಟ್, ಎಂಬತ್ತಾರು,
ಬೇಲಿಯ ಮೇಲಿಂದ ಒಂದು ಸಿಂಪಿಯ ಚಿಪ್ಪು ಕೊಟ್ಟಳು:
"ಕೆಟಲಿಗೆ ಹಾಕು. ಸುಣ್ಣ ಸುಣ್ಣವನ್ನು ಹುಡುಕಿ ಹೋಗುತ್ತೆ,
ನಮ್ಮಮ್ಮ ಹೇಳ್ತಿದ್ದಳು."
ಗುಲಾಬಿ ಕತ್ತರಿಯನ್ನು ದಕ್ಷಿಣದ ಗುಡ್ಡಗಳ ಕಡೆ ಎತ್ತಿ,
"ಅದೆಲ್ಲ ಸಮುದ್ರ ಒಂದು ಕಾಲಕ್ಕೆ, ಗೊತ್ತಾ?"

ಗೊತ್ತಿರಲಿಲ್ಲ.
ಕಣ್ಣಿಗೆ ಕಾಣದ ಹುಳಗಳು
ಸತ್ತು ಸತ್ತು ತಳ ಸೇರಿ, ಸೀಮೆಸುಣ್ಣದ ಗುಡ್ಡವಾಗಿ,
ಅದರೊಳಗೆ ಮಳೆ ವರ್ಷಗಟ್ಟಲೆ ಇಳಿದಿಳಿದು
ನನ್ನ ನಲ್ಲಿಗೆ.
ಉಪ್ಪೆಲ್ಲ ಎಲ್ಲೋ ಹೋಗಿ
ಮೂಳೆ ಮಾತ್ರ ಉಳಿದ ಸಮುದ್ರ.
ಅದನ್ನು ದಿನಕ್ಕೆ ನಾಲ್ಕು ಸಲ ಕುದಿಸಿ
ಎರಡು ಲೋಟ ಚಹ ಮಾಡುತ್ತೇನೆ.
ಚಿಪ್ಪು ಒಳಗೆ ಟಣ ಟಣ ಎನ್ನುತ್ತದೆ,
ಊರು ಬಂತೆಂದುಕೊಂಡು, ಪಾಪ.

ನಿನ್ನೆ ರಾತ್ರಿ ಷವರಿನ ತಲೆಗೆ
ವಿನೆಗರ್ ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿ,
ರಬ್ಬರ್ ಬ್ಯಾಂಡು ಬಿಗಿದು ಮಲಗಿದೆ.
ಎಷ್ಟು ಹೊತ್ತೋ, ಕತ್ತಲಲ್ಲಿ ಚನ್ನವೀರ ಎದ್ದು ಕೂತ.
ಗಾಳಿಯನ್ನು ಮೂಸಿದ.
"ಉಪ್ಪಿನಕಾಯಿ ಹಾಕಿದೀಯಾ?"

ಐದು ತಿಂಗಳಿಂದ ಕೇಳದ ದನಿ ಅದು,
ಮದುವೆ ಮನೆಯ ಪಂಕ್ತಿಯಲ್ಲಿ ಎಲೆಗೆ ನೀರು ಚಿಮುಕಿಸಿ
ಕಾಯುವ ಹುಡುಗನದು.
ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.
"ಬೆಳಿಗ್ಗೆ ನೋಡು" ಎಂದೆ.

ಬೆಳಿಗ್ಗೆ ನೀರಿನ ಸದ್ದು. ಆಮೇಲೆ ಸದ್ದಿಲ್ಲ.
ಬಾಗಿಲು ತಟ್ಟಲೋ ಬೇಡವೋ ಎಂದು ನಿಂತಿದ್ದೆ.
ಒಳಗಿನಿಂದ ಕೂಗಿದ:
"ಎಣಿಸಿದೆ ಕಣೇ. ಮೂವತ್ತಾರು ಬಿಟ್ಟಿವೆ.
ನಾಲ್ಕು ಬಾಕಿ.
ಸೂಜಿ ಇದ್ದರೆ ಕೊಡು."